ತದಡಿ ಪರಿಸರದ ಗ್ರಾವೆಲ್ ಸೈಕಲ್ ಸವಾರಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯ ಬಡಗು ದಂಡೆಯಲ್ಲಿ ತದಡಿ ಎಂಬ ಮೀನುಗಾರಿಕೆ ಬಂದರು ಇದೆ. ಅದರ ಉತ್ತರಕ್ಕೆ ಗೋಕರ್ಣ, ತೆಂಕಲಿಗೆ ಕುಮಟಾ, ಹೊನ್ನಾವರ, ಭಟ್ಕಳ, ಮೂಡಲಿಗೆ ಘಟ್ಟದ ಬುಡದ ಕಾಡು. ಈ ಎಲ್ಲೆಯೊಳಗಿನ ಚಿರೆಕಲ್ಲಿನ ದಿಬ್ಬ, ಗಜನಿ ದಂಡೆ, ಉಪ್ಪಿನ ಆಗರ, ಕಡಲಂಚಿನ ಮರಳು ಮತ್ತು ಬೆಟ್ಟದ ಕಚ್ಚಾ ದಾರಿಗಳ ಮೇಲೆ ಅಗಲ ಟೈರಿನ ಸೈಕಲ್ಲಿನಲ್ಲಿ ತಿರುಗುವುದೇ ಈ ಲೇಖನದ ವಿಷಯ. ಇವುಗಳಲ್ಲಿ ಯಾವುದೂ ಸೈಕಲ್ ಸವಾರರಿಗಾಗಿ ಹುಟ್ಟಿದ ದಾರಿಯಲ್ಲ. ನೀರು ತಡೆಯಲು, ಉಪ್ಪು ಹೊರಲು, ಸೊಪ್ಪು ತರಲು, ಮೀನು ಸಾಗಿಸಲು ಆದ ದಾರಿಗಳಿವು. ಈ ಸೀಮೆಯ ಸವಾರಿಯ ಸೊಗಸು, ಕಟ್ಟುಪಾಡು, ಅಪಾಯಗಳೆಲ್ಲ ಈ ಒಂದು ಸಂಗತಿಯಿಂದಲೇ ಬಂದಿವೆ.

ಸವಾರಿಯ ಬಗೆ

ಗ್ರಾವೆಲ್ ಸೈಕಲ್ ಎಂಬುದು ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲಿಗೂ ಗುಡ್ಡಗಾಡಿನ ಎಂಟಿಬಿಗೂ ನಡುವಿನ ತಳಿ. ಟೈರಿನ ಅಗಲ ಸಾಮಾನ್ಯವಾಗಿ 35ರಿಂದ 50 ಮಿ.ಮೀ., ಬ್ರೇಕು ಡಿಸ್ಕಿನದು, ಏರಿಗೆ ಹಗುರವಾದ ಗೇರು, ಚೀಲ ಮತ್ತು ನೀರಿನ ಬಾಟಲಿ ಕಟ್ಟಲು ಚೌಕಟ್ಟಿನ ತುಂಬ ತಿರುಪಿನ ತೂತುಗಳು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ 200 ಮೈಲಿಯ ಸ್ಪರ್ಧೆ (ಈಗಿನ ಹೆಸರು ಅನ್‌ಬೌಂಡ್ ಗ್ರಾವೆಲ್) ಈ ಬಗೆಗೆ ಹೆಸರು ತಂದುಕೊಟ್ಟಿತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ಪನ್ನು 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ನಡೆಸಿತು. ಕಾನ್ಸಾಸಿನ ಜಲ್ಲಿ ರಸ್ತೆಗಳೂ ಹೊಲಕ್ಕೆ, ದನದ ಹುಲ್ಲುಗಾವಲಿಗೆ ಹೋಗಲೆಂದು ಆದವೇ. ಕರ್ನಾಟಕದಲ್ಲಿ ಡಾಂಬರು ಬಿಟ್ಟ ಸವಾರಿಗೆ ಹೆಸರಾದದ್ದು ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡು. ಊರು ಬೆಳೆದು ಅದರ ಸುತ್ತಲೂ ಮನೆಗಳೆದ್ದ ಮೇಲೆ ಅದು ಕಾಡಿನ ತುಣುಕಾಗಿ ಉಳಿದಿದೆ. ತದಡಿಯ ಕಡೆ ದಾರಿಗೆ ಕೊರತೆಯಿಲ್ಲ, ಯಾರ ದಾರಿ ಎಂಬ ಪ್ರಶ್ನೆಯಷ್ಟೇ ಇರುವುದು.

ಈ ಸೈಕಲ್ಲು ಕರಾವಳಿಗೆ ತೀರ ಹೊಸದೇನೂ ಅಲ್ಲ. ನಮ್ಮ ಹಳೆಯ ಕರಿ ಸೈಕಲ್ಲಿನ ಟೈರಿನ ಅಳತೆ 28 × 1½ ಇಂಚು. ಮಿಲಿಮೀಟರಿನಲ್ಲಿ ಅಗಲ ಸುಮಾರು 40. ಇಂದು ಗ್ರಾವೆಲ್ ಸೈಕಲ್ಲಿಗೆ ಹೇಳುವ ಅಗಲವೂ ಅಷ್ಟೇ. ಹಿಂದಿನ ಕ್ಯಾರಿಯರಿಗೆ ಮೀನಿನ ಪೆಟ್ಟಿಗೆ ಕಟ್ಟಿ, ಹಾರ್ನ್ ಒತ್ತುತ್ತ ಕೇರಿ ಕೇರಿ ತಿರುಗಿದವರು, ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಗದ್ದೆಯ ಹಾಳಿಯ ಮೇಲೆ ಕಲಿತ ಹುಡುಗರು, 2006-07ರಿಂದ ಸರಕಾರ ಹಂಚಿದ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋದ ಹುಡುಗಿಯರು ಇವೇ ದಾರಿಗಳಲ್ಲಿ ಓಡಾಡಿದ್ದಾರೆ. ಅವರಿಗೆ ಗೇರು ಇರಲಿಲ್ಲ, ಇಳಿಜಾರಿನಲ್ಲಿ ನಂಬಬಹುದಾದ ಬ್ರೇಕೂ ಇರಲಿಲ್ಲ. ಏರು ಬಂದರೆ ಇಳಿದು ತಳ್ಳುತ್ತಿದ್ದರು. ಲಕ್ಷಾಂತರ ರೂಪಾಯಿಯ ಸೈಕಲ್ ತಂದವರೂ ಚಿರೆಕಲ್ಲಿನ ಕೆಲವು ಏರುಗಳಲ್ಲಿ ಇಂದಿಗೂ ಅದನ್ನೇ ಮಾಡುತ್ತಾರೆ.

ನೆಲ

ದಾರಿಯ ಗುಣವನ್ನು ನಿರ್ಧರಿಸುವುದು ಚಿರೆಕಲ್ಲು. ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, ಹೊನ್ನಾವರ, ಮಿರ್ಜಾನು, ಗೋಕರ್ಣಗಳ ಮೂಲಕವೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನವೇ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟದ್ದು. ಅವನು ಗಮನಿಸಿದ ಗುಣವನ್ನು ಕರಾವಳಿಯ ಕಲ್ಲುಕುಟಿಗರು ಮೊದಲೇ ಬಲ್ಲರು: ನೆಲದೊಳಗಿರುವಾಗ ಮೆತ್ತಗೆ ಕೊಯ್ಯಲು ಬರುತ್ತದೆ, ಗಾಳಿಗೆ ಬಿದ್ದರೆ ಗಟ್ಟಿಯಾಗುತ್ತದೆ. ಸೈಕಲ್ಲಿಗೆ ಇದರ ಪರಿಣಾಮ ಎರಡು ಬಗೆ. ದಿಬ್ಬದ ನೆತ್ತಿಯ ಬಟಾಬಯಲಿನಲ್ಲಿ ಗಟ್ಟಿಯಾದ ಚಪ್ಪಡಿ ಸಿಗುತ್ತದೆ, ಡಾಂಬರಿಗಿಂತ ಒರಟು, ಆದರೆ ಚಕ್ರ ಹೂತುಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ಅದೇ ಕಲ್ಲು ಒಡೆದು ಗೋಲಿಯಂಥ ಕೆಂಪು ಹರಳಾಗಿ ಹರಡಿರುತ್ತದೆ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದವರನ್ನು ಅದು ಕ್ಷಮಿಸುವುದಿಲ್ಲ. ಮಳೆಗಾಲದಲ್ಲಿ ಚಪ್ಪಡಿಯ ಮೇಲೆ ಹಾವಸೆ ಕಟ್ಟುತ್ತದೆ, ಆಗ ನಡೆಯುವುದೂ ಕಷ್ಟ.

ಎರಡನೆಯ ನೆಲ ಗಜನಿ. ಅಳಿವೆಯ ಇಕ್ಕೆಲಗಳಲ್ಲಿ ಭರತದ ಉಪ್ಪುನೀರು ಏರುವ ತಗ್ಗು ಭೂಮಿಗೆ ದಂಡೆ ಕಟ್ಟಿ, ನೀರು ಬಿಡಲು ತಡೆಯಲು ಬಾಗಿಲಿಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವುದು ಇಲ್ಲಿನ ಪದ್ಧತಿ. ಮುಂಗಾರಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಬಿತ್ತನೆ. ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳುವ ಎತ್ತರದ ಪೈರು ಇದು. ಮಳೆ ನಿಂತ ಮೇಲೆ ಕೊಯ್ಲು. ಆಮೇಲೆ ಬಾಗಿಲು ತೆರೆದು ಭರತದ ನೀರನ್ನು ಒಳಬಿಟ್ಟರೆ, ಕೊಳೆಯುವ ಕೂಳೆಯನ್ನು ತಿಂದು ಶೆಟ್ಲಿ (ಸಿಗಡಿ), ಏಡಿ, ಮೀನು ಬೆಳೆಯುತ್ತವೆ. ಒಂದೇ ಗದ್ದೆ ಆರು ತಿಂಗಳು ಅನ್ನದ್ದು, ಆರು ತಿಂಗಳು ಮೀನಿನದು. ಮಾಣಿಕಟ್ಟಾದ ಗಜನಿ ಇದಕ್ಕೆ ಹೆಸರಾದದ್ದು. ಮೊದಲು ಊರವರೇ ಕೂಡಿ ಪ್ರತಿವರ್ಷ ಮಣ್ಣಿನ ದಂಡೆಯನ್ನು ರಿಪೇರಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರಕಾರದ ಖಾರ್‌ಲ್ಯಾಂಡ್ ಯೋಜನೆಯಿಂದ ಹಲವೆಡೆ ಕಲ್ಲು ಕಟ್ಟಿದ ದಂಡೆಗಳು ಬಂದವು. ಬಳಿಕ ಸಿಗಡಿ ಸಾಕಣೆಯ ಹಣ ಬಂದು ಕಗ್ಗದ ಬೇಸಾಯ ಕುಗ್ಗಿತು, ಕೆಲವೆಡೆ ದಂಡೆಗಳೂ ಹಾಳುಬಿದ್ದವು.

ನೀರಿನಂಚಿನ ಸವಾರಿಗೆ ಈ ದಂಡೆಗಳಿಗಿಂತ ಸೊಗಸಾದ ದಾರಿ ಬೇರೆ ಇಲ್ಲ. ಒಂದು ಕಡೆ ಹೊಳೆ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಇನ್ನೊಂದು ಕಡೆ ಗದ್ದೆಯೋ ಮೀನಿನ ಹೊಂಡವೋ. ಕೊಕ್ಕರೆಗಳು ಸೈಕಲ್ಲಿನ ಸದ್ದಿಗೆ ಹಾರುತ್ತವೆ, ಮೋಟಾರಿಲ್ಲದ ಕಾರಣ ಅಲ್ಲೇ ಹತ್ತಿರ ಇಳಿಯುತ್ತವೆ. ಆದರೆ ದಂಡೆ ಮೊದಲು ನೀರು ತಡೆಯುವ ಕಟ್ಟಡ, ಆಮೇಲೆ ದಾರಿ. ಅದರ ತಲೆ ಅಗಲ ಕೆಲವೆಡೆ ಒಬ್ಬರು ನಡೆಯುವಷ್ಟೇ. ಮಳೆಯಲ್ಲಿ ನೆನೆದ ಮಣ್ಣಿನ ದಂಡೆಯ ಮೇಲೆ ಚಕ್ರ ಹಾಯಿಸಿದರೆ ಗಾಲಿಯ ಗೀರಿನಲ್ಲಿ ನೀರು ಹರಿದು ಕೊರಕಲಾಗುತ್ತದೆ, ಕೊರಕಲು ದೊಡ್ಡದಾದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಬಿತ್ತನೆಯಿಂದ ಕೊಯ್ಲಿನವರೆಗೆ ಮಣ್ಣಿನ ದಂಡೆಗೆ ಸೈಕಲ್ ಒಯ್ಯದಿರುವುದೇ ಸರಿ. ಉಳಿದ ಕಾಲದಲ್ಲೂ ತಲೆಹೊರೆ ಹೊತ್ತವರು ಎದುರಾದರೆ ಇಳಿದು ಒತ್ತಟ್ಟಿಗೆ ನಿಲ್ಲಬೇಕಾದವರು ಸವಾರರು.

ಸಾಣಿಕಟ್ಟಾದ ಉಪ್ಪಿನ ಆಗರದ ಬದುಗಳಿಗೂ ಇದೇ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಅಲ್ಲಿನ ಉಪ್ಪು ತಯಾರಿಕೆ 1952ರಲ್ಲಿ ಸ್ಥಾಪನೆಯಾದ ನಾಗರಬೈಲ ಉಪ್ಪಿನ ಮಾಲಕರ ಸಹಕಾರಿ ಸಂಘದ ಕೈಯಲ್ಲಿದೆ. ಮಳೆ ಮುಗಿದು ಬಿಸಿಲೇರುವ ತಿಂಗಳುಗಳಲ್ಲಿ ಕೆಲಸ, ಮುಂಗಾರು ಬರುವ ಮೊದಲು ಮುಕ್ತಾಯ. ಸವಾರರು ಇಲ್ಲಿಗೆ ಬರುವ ಕಾಲವೂ ಅದೇ. ತುಳಿದು ಗಟ್ಟಿಮಾಡಿದ ಉಪ್ಪಿನ ಕಣದ ನೆಲ ಕೆಡಬಾರದು. ರಸ್ತೆಯಂಚಿನಿಂದ ನೋಡುವುದು ಸಾಕು, ಒಳಗೆ ಹೋಗುವುದಾದರೆ ಕೇಳಿ, ಕಾಲ್ನಡಿಗೆಯಲ್ಲಿ.

ದಾರಿಗಳು

ಗೋಕರ್ಣದಿಂದ ತದಡಿಗೆ ಏಳೆಂಟು ಕಿ.ಮೀ. ಡಾಂಬರಿನ ದಾರಿಯುಂಟು. ಓಂ ಬೀಚಿನ ಕಡೆಗೆ ಹೋಗುವ ರಸ್ತೆ ಚಿರೆಕಲ್ಲಿನ ದಿಬ್ಬ ಹತ್ತಿ ಸಮುದ್ರವನ್ನು ಕೆಳಗೆ ತೋರಿಸುತ್ತದೆ. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಹೋಗುವುದು ಬಂಡೆಗಳ ಮೇಲಿನ ಕಾಲುದಾರಿ. ಸೈಕಲ್ ಹೊತ್ತುಕೊಂಡು ಹೋದವರ ಫೋಟೊ ನೋಡಿ ಅದನ್ನು ಸವಾರಿಯ ದಾರಿ ಎಂದುಕೊಳ್ಳಬಾರದು. ಬಂದರಿನಲ್ಲಿ ಬೆಳಿಗ್ಗೆ ಮೀನಿನ ಲಾರಿ, ಐಸಿನ ಗಾಡಿ, ಬುಟ್ಟಿ ಹೊತ್ತ ಹೆಂಗಸರ ನಡುವೆ ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮಾತ್ರ ಬಂದರು ಬಿಡುವಾಗಿರುತ್ತದೆ, ಆದರೆ ಅದು ಸವಾರಿಯ ಕಾಲವಲ್ಲ.

ತದಡಿಯ ಎದುರು ದಂಡೆಯ ಊರು ಅಘನಾಶಿನಿ. ಕಣ್ಣಿಗೆ ಕಾಣುವಷ್ಟು ಹತ್ತಿರ, ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಾದರೆ ಮಾದನಗೇರಿಗೆ ಹೋಗಿ ಹೆದ್ದಾರಿ ಹಿಡಿದು, ಮಿರ್ಜಾನು ದಾಟಿ, ದೀವಗಿಯ ಸೇತುವೆಯಲ್ಲಿ ಹೊಳೆ ಹಾಯ್ದು, ಕುಮಟಾ ಸುತ್ತಿ ಬರುವಾಗ 30 ಕಿ.ಮೀ.ಗೂ ಹೆಚ್ಚು. ಸೈಕಲ್ಲನ್ನು ದೋಣಿಗೆ ಎತ್ತಿಟ್ಟು ದಾಟುವ ಈ ತಾರಿಯೇ ಇಡೀ ಸೀಮೆಯ ಸವಾರಿಯ ಕೀಲಿ. ಕರಾವಳಿಯ ಹೊಳೆಗಳಿಗೆ ಸೇತುವೆ ಬರುವ ಮೊದಲು ಎಲ್ಲ ಪ್ರಯಾಣವೂ ಹೀಗೇ ಇತ್ತು. ಹೆದ್ದಾರಿ ಬಂದಮೇಲೆ ತಾರಿಗಳು ಒಂದೊಂದಾಗಿ ನಿಂತವು. ಉಳಿದ ತಾರಿಯಿಂದ ಹೆದ್ದಾರಿಯ ಲಾರಿಗಳನ್ನು ತಪ್ಪಿಸಿಕೊಳ್ಳಬಹುದು ಎನ್ನುವುದು ಸವಾರರಿಗೆ ಸಿಕ್ಕ ಲಾಭ.

ತೆಂಕು ದಂಡೆಯ ಅಘನಾಶಿನಿ, ಕಾಗಾಲ, ಬಾಡ, ಗುಡೇಅಂಗಡಿ, ಹೊಲನಗದ್ದೆಗಳ ಮೂಲಕ ಕುಮಟಾ ಸೇರುವುದು ಈ ಪ್ರದೇಶದ ಅತ್ಯಂತ ಹದವಾದ ಸವಾರಿ. ತೆಂಗಿನ ತೋಟದ ನಡುವಿನ ಮಣ್ಣಿನ ಓಣಿ, ಶೇಂಗಾ ಬೆಳೆಯುವ ಮರಳು ಗದ್ದೆ, ನಡುನಡುವೆ ಕಡಲತೀರ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿದ್ದು 40 ಮಿ.ಮೀ. ಟೈರನ್ನು ಹೊರುತ್ತದೆ, ಒಣ ಮರಳು ಹೊರುವುದಿಲ್ಲ. ಕುಮಟಾದಿಂದ ಮತ್ತೂ ತೆಂಕಲಿಗೆ ರಾಮನಗಿಂಡಿ, ಧಾರೇಶ್ವರ. ಹೊನ್ನಾವರದಿಂದ ಗೋಕರ್ಣದವರೆಗೆ ಕಡಲಂಚಿನಲ್ಲಿ ಚಾರಣ ಮಾಡುವವರು ಬಹುಕಾಲದಿಂದ ತುಳಿದ ದಾರಿ ಇದೇ. ಚಾರಣಿಗರು ಬಂಡೆ ಹತ್ತಿ ದಾಟುವಲ್ಲಿ ಸೈಕಲ್ಲಿನವರು ಒಳನಾಡಿನ ಓಣಿಗೆ ತಿರುಗಬೇಕಾಗುತ್ತದೆ.

ಕುಮಟಾದ ಆಸುಪಾಸಿನ ಹೆಗಡೆ, ಮಾಸೂರು, ಲುಕ್ಕೇರಿ, ಕೋಡ್ಕಣಿ, ದೀವಗಿಗಳು ಗಜನಿಯ ಊರುಗಳು. ಹೊಳೆಯ ನಡುವೆ ಐಗಳಕುರ್ವೆಯಂಥ ನಡುಗಡ್ಡೆಗಳಿವೆ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ಇಲ್ಲಿ ಕಾಣಬಹುದು. ಅಂಬಿಗ, ಹರಿಕಂತ್ರ, ಗಾಬಿತ, ಹಾಲಕ್ಕಿ ಮೊದಲಾದ ಸಮುದಾಯಗಳ ಸಾವಿರಾರು ಮನೆಗಳಿಗೆ ಈ ಅಳಿವೆಯೇ ಗಳಿಕೆ. ಬಳಚಿನ ಚಿಪ್ಪು ರಾಶಿ ಬಿದ್ದ ದಡಗಳಲ್ಲಿ ಸೈಕಲ್ಲಿಗೆ ಪಂಕ್ಚರ್ ತಪ್ಪಿದ್ದಲ್ಲ. ಕಾನ್ಸಾಸಿನ ದಾರಿಗಳಲ್ಲಿ ಚಕಮಕಿ ಕಲ್ಲು ಮಾಡುವ ಕೆಲಸವನ್ನು ಇಲ್ಲಿ ಚಿಪ್ಪು ಮಾಡುತ್ತದೆ. ಮಿರ್ಜಾನಿನ ಕೋಟೆ ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗಿದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಕೊಂಡ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಚಿರೆಕಲ್ಲಿನ ಕೋಟೆ ಅದು. ಘಟ್ಟದ ಮೆಣಸು ಹೊಳೆಯ ದಾರಿಯಲ್ಲಿ ಕಡಲಿಗಿಳಿದ ಕಾಲದ ಗುರುತು.

ಘಟ್ಟದ ಕಡೆಗಿನ ದಾರಿಗಳು ಬೇರೆಯೇ ಬಗೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ, ಸಮುದ್ರಮಟ್ಟದಿಂದ ಸುಮಾರು 590 ಮೀ. ಎತ್ತರ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಹತ್ತಿ ಸಿಗದಂತಾದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಯಿತು; ಮಾರುಕಟ್ಟೆಯಲ್ಲಿ ಒಂದು ಹತ್ತಿಯ ಬಗೆಗೆ ಕುಮಟಾ ಎಂದೇ ಹೆಸರಿತ್ತು. ಹುಬ್ಬಳ್ಳಿಗೆ ರೈಲು ಬಂದಮೇಲೆ ಬಂದರು ಸೊರಗಿತು, ರಸ್ತೆ ಉಳಿಯಿತು. ಈಗ ಅದು ರಾಷ್ಟ್ರೀಯ ಹೆದ್ದಾರಿ. ನಿಶ್ಶಬ್ದ ಬೇಕಾದವರು ಯಾಣದ ಕಡೆಯ ವಡ್ಡಿ ಘಟ್ಟವನ್ನೋ ಸಿದ್ದಾಪುರದತ್ತ ಏರುವ ದೊಡ್ಮನೆ ಘಟ್ಟವನ್ನೋ ಆಯ್ದುಕೊಳ್ಳುತ್ತಾರೆ. ಯಾಣದ ಭೈರವೇಶ್ವರ ಶಿಖರ 120 ಮೀ., ಮೋಹಿನಿ ಶಿಖರ 90 ಮೀ. ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಅವುಗಳ ಬುಡಕ್ಕೆ ಹೋಗುವ ಕೊನೆಯ ತುಂಡು ಕಾಲ್ನಡಿಗೆಯದು. ಕಾಡೊಳಗಿನ ಹಲವು ಕಚ್ಚಾ ದಾರಿಗಳು ಸೊಪ್ಪಿನ ಬೆಟ್ಟಕ್ಕೆ ಹೋಗುವವು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ತರಗೆಲೆ) ತರಲು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಹಕ್ಕು ಕೊಟ್ಟ ಕಾಡು ಅದು. ಗೇಟು ಇಲ್ಲದಿದ್ದರೂ ಅದು ಒಬ್ಬರ ಸುಪರ್ದಿನ ಜಾಗ. ಬೇಲಿಯ ದಣಪೆ ದಾಟಿದವರು ಅದನ್ನು ಮತ್ತೆ ಹಾಕಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ.

ಹೊನ್ನಾವರದ ಕಡೆ ಶರಾವತಿಯ ಅಳಿವೆ ಇನ್ನೂ ಅಗಲ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಸಮೀಪದ ಕಾಂಡ್ಲಾ ವನದಲ್ಲಿ ಮರದ ಹಲಗೆಯ ನಡಿಗೆದಾರಿ ಇದೆ, ಅಲ್ಲಿ ಸೈಕಲ್ ಹೊರಗೇ ಬಿಡಬೇಕು. ಅಲ್ಲೇ ಸಮೀಪದ ಟೊಂಕದ ಮರಳಿನಲ್ಲಿ ಚಳಿಗಾಲದ ಕೊನೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಆ ತಿಂಗಳುಗಳಲ್ಲಿ ಭರತದ ಗೆರೆಗಿಂತ ಮೇಲಿನ ಮರಳಿನಲ್ಲಿ ಚಕ್ರ ಹಾಯಿಸುವುದು, ರಾತ್ರಿ ದೀಪ ಹಾಕಿಕೊಂಡು ತಿರುಗುವುದು ಎರಡೂ ಸಲ್ಲದು. ಕರಿಕಾನದ ಪರಮೇಶ್ವರಿ ದೇವಸ್ಥಾನದ ಗುಡ್ಡ ಏರಿದರೆ ದೇವರ ಹೆಸರಿನಲ್ಲಿ ಉಳಿದ ನಿತ್ಯಹಸಿರು ಕಾಡು. ಭಟ್ಕಳದ ಕಡೆ ಹಾಡವಳ್ಳಿಯ ಜೈನ ನೆಲೆಗಳವರೆಗಿನ ಒಳದಾರಿ, ಕೋಗಾರ ಘಟ್ಟದ ಏರು ಹೆಸರಿಸತಕ್ಕವು.

ಕಾಲ, ನೀರು, ರೋಗ

ಈ ತೀರದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನವೆಂಬರಿನಿಂದ ಫೆಬ್ರುವರಿ ಸವಾರಿಗೆ ಹದವಾದ ಕಾಲ. ಮಾರ್ಚಿನ ಬಳಿಕ ಉಷ್ಣಕ್ಕಿಂತ ಸೆಕೆಯೇ ದಣಿಸುತ್ತದೆ. ಬೆಳಿಗ್ಗೆ ಹತ್ತರೊಳಗೆ ನೆರಳು ಸೇರುವುದು ಒಳ್ಳೆಯದು. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗಗಳು ನಂಬಿಕೆಗೆ ಅರ್ಹವಲ್ಲ. ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಹಲವರ ಜೀವ ತೆಗೆಯಿತು.

ಭರತ-ಇಳಿತಗಳ ಲೆಕ್ಕ ಸವಾರರಿಗೆ ನಕ್ಷೆಯಷ್ಟೇ ಮುಖ್ಯ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು. ಮೊಬೈಲಿನ ನಕ್ಷೆ ತೋರಿಸುವ ದಾರಿ ಆ ದಿನಗಳಲ್ಲಿ ನೀರಿನಡಿ ಇರಬಹುದು. ದೋಣಿಯವರಿಗೆ, ಬಳಚು ಹೆಕ್ಕುವವರಿಗೆ ಪಂಚಾಂಗ ನೋಡದೆಯೇ ಇದು ಗೊತ್ತು. ಅವರನ್ನು ಕೇಳುವುದು ಯಾವ ಆ್ಯಪಿಗಿಂತಲೂ ಭರವಸೆಯದು.

ಕಾಡಿನ ದಾರಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆ ಹುಳುವಿನ ಕಡಿತದಿಂದ ಹರಡುತ್ತದೆ. ಹೊನ್ನಾವರ, ಸಿದ್ದಾಪುರದ ಕಡೆ ಪದೇ ಪದೇ ಕಾಣಿಸಿದೆ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ, ಅಂದರೆ ಸವಾರಿಯ ಕಾಲವೇ. ಸತ್ತ ಮಂಗ ಕಂಡ ಕಾಡಿಗೆ ಹೋಗಬಾರದು, ಕಂಡದ್ದನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತರಗೆಲೆಯ ಮೇಲೆ ಕೂತು ವಿಶ್ರಮಿಸುವುದನ್ನು ಬಿಟ್ಟು, ಮೈಮುಚ್ಚುವ ಬಟ್ಟೆ ತೊಟ್ಟು, ಉಣ್ಣೆ ಓಡಿಸುವ ಎಣ್ಣೆ ಹಚ್ಚಿಕೊಂಡು, ಮನೆ ಸೇರಿದೊಡನೆ ಬಿಸಿನೀರಿನಲ್ಲಿ ಮೈ ತೊಳೆಯುವುದು ಊರವರು ಪಾಲಿಸುವ ಕ್ರಮ. ಕಾಡಿನಿಂದ ಬಂದ ಕೆಲವು ದಿನಗಳಲ್ಲಿ ತಟ್ಟನೆ ಜ್ವರ, ತಲೆನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋದದ್ದನ್ನು ಹೇಳಬೇಕು.

ಕಾನೂನು ಮತ್ತು ಅಳಿವೆಯ ಗತಿ

ಮೀಸಲು ಅರಣ್ಯದೊಳಗೆ ಸುಮ್ಮನೆ ನುಗ್ಗುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ತಡೆಯುತ್ತದೆ, ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಸಿಂಗಳೀಕಗಳಿಗಾಗಿ 2011ರಲ್ಲಿ ಘೋಷಿಸಿದ, 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದ ಸುಮಾರು 300 ಚ.ಕಿ.ಮೀ. ವಿಸ್ತಾರದ ಅಘನಾಶಿನಿ ಸಂರಕ್ಷಣಾ ಮೀಸಲು ಘಟ್ಟದ ಈ ದಾರಿಗಳನ್ನು ಮುಟ್ಟುತ್ತದೆ. ಊರಿಂದೂರಿಗೆ ಹೋಗುವ ಸಾರ್ವಜನಿಕ ರಸ್ತೆಗೆ ಅಡ್ಡಿಯಿಲ್ಲ. ಅದರಿಂದ ಕವಲೊಡೆದ ಕಾಡುದಾರಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳುವುದು ರೂಢಿ.

ಶಿರಸಿಯ ಸೀಮೆಯಲ್ಲಿ ಹುಟ್ಟಿ, 116 ಮೀ. ಎತ್ತರದ ಉಂಚಳ್ಳಿ ಜಲಪಾತವಾಗಿ ಧುಮುಕಿ, ಸುಮಾರು 117 ಕಿ.ಮೀ. ಹರಿದು ಬರುವ ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಅಳಿವೆಯ ಸಿಹಿ-ಉಪ್ಪಿನ ಹದ, ಬಳಚು, ಕಗ್ಗ, ಕಾಂಡ್ಲಾ ಎಲ್ಲ ಉಳಿದದ್ದು ಅದರಿಂದ. ತದಡಿಗೆ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು ಊರವರ, ಪರಿಸರದವರ ವಿರೋಧದಿಂದ ಬಿದ್ದುಹೋಯಿತು. ದೊಡ್ಡ ಬಂದರಿನ ಪ್ರಸ್ತಾವವೂ ವಿರೋಧ ಎದುರಿಸಿತು. 2024ರ ಜನವರಿ 31ರಂದು 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ರಾಮ್‌ಸಾರ್ ತಾಣಗಳ ಪಟ್ಟಿ ಸೇರಿದ ಸುದ್ದಿ ಬಂತು. ಇದರಿಂದ ಪ್ರವಾಸಿಗರು ಹೆಚ್ಚಾಗುವುದು ಖಂಡಿತ. ಗಜನಿ ದಂಡೆಗೆ ಕಾಂಕ್ರೀಟು ಸುರಿದು ಸೈಕಲ್ ಪಥ ಎಂದು ಹೆಸರಿಡುವ ಯೋಚನೆ ಯಾರಿಗೂ ಬಾರದಿರಲಿ ಎಂಬುದು ಈ ಲೇಖಕನ ಆಸೆ. ದಂಡೆಯ ರಿಪೇರಿಗೆ ಹಣ ಬಂದರೆ ಭತ್ತವೂ ಉಳಿಯುತ್ತದೆ, ದಾರಿಯೂ ಉಳಿಯುತ್ತದೆ.

ಸೈಕಲ್ ಮತ್ತು ಸಲಕರಣೆ

ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿ ತೆರೆದಂದಿನಿಂದ ಗೋಕರ್ಣ ರೋಡ್, ಮಿರ್ಜಾನು, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ ನಿಲ್ದಾಣಗಳು ಸವಾರಿಯ ಎರಡು ತುದಿಗಳಾಗಬಲ್ಲವು. ಒಂದರಲ್ಲಿ ಇಳಿದು, ಕಡಲಂಚು ಹಿಡಿದು, ಇನ್ನೊಂದರಲ್ಲಿ ರೈಲು ಹತ್ತಬಹುದು. ಸೈಕಲ್ಲನ್ನು ಲಗೇಜಿಗೆ ಹಾಕುವುದಾದರೆ ದೊಡ್ಡ ನಿಲ್ದಾಣದಿಂದ ಹೊರಡುವುದು ಲೇಸು, ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ.

ಟೈರು 40 ಮಿ.ಮೀ.ಗೆ ಕಡಿಮೆಯಿರದಿದ್ದರೆ ಚಿರೆಕಲ್ಲು, ಮರಳು ಎರಡಕ್ಕೂ ಆದೀತು. ಮರಳಿಗಿಳಿಯುವ ಮೊದಲು ಗಾಳಿ ಸ್ವಲ್ಪ ಬಿಟ್ಟು, ಡಾಂಬರಿಗೆ ಬಂದಮೇಲೆ ತುಂಬಿಕೊಳ್ಳಬೇಕು. ಟ್ಯೂಬಿಲ್ಲದ ಟೈರಿನೊಳಗಿನ ದ್ರವ ಇಲ್ಲಿನ ಸೆಕೆಗೆ ಬೇಗ ಒಣಗುತ್ತದೆ. ಎಲ್ಲಕ್ಕಿಂತ ದೊಡ್ಡ ವೈರಿ ಉಪ್ಪು: ಕಡಲ ನೀರು ತಾಗಿದ ಚೈನು ಮರುದಿನವೇ ಕೆಂಪಾಗುತ್ತದೆ. ಸಂಜೆ ಬಾವಿಯ ಸಿಹಿನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಬಿಡುವುದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಪಂಕ್ಚರ್ ಹಾಕುವ ಅಂಗಡಿ ಹೆದ್ದಾರಿಯ ಊರುಗಳಲ್ಲಿ ಸಿಗುತ್ತದೆ, ಸಾಧಾರಣ ಸೈಕಲ್ಲಿನ ಟ್ಯೂಬೂ ಸಿಗುತ್ತದೆ. ಗ್ರಾವೆಲ್ ಸೈಕಲ್ಲಿನ 700ಸಿ ಟ್ಯೂಬು, ಡಿಸ್ಕ್ ಬ್ರೇಕಿನ ಪ್ಯಾಡು ಸಿಗುವ ಭರವಸೆಯಿಲ್ಲ. ಕೆಂಪು ಹರಳು ಮೆತ್ತಿದ ಇಳಿಜಾರಿನಲ್ಲಿ ಪ್ಯಾಡು ಬೇಗ ಸವೆಯುವುದರಿಂದ ಒಂದು ಜೊತೆ ಚೀಲದಲ್ಲಿರಬೇಕು.